ಹಟನೂಲು ಮತ್ತು ಕಡಕ್ ರೊಟ್ಟಿ

ನೂಲುಮನೆ, ಚನ್ನಪಟ್ಟಣ
ಎರಡನೆಯ ಮಾರ್ಗಶಿರ, ಮೂವತ್ತೊಂಬತ್ತನೆಯ ದಿನ

ಉಕ್ಕಿನ ತಂತಿಯ ಕಾಲದ ಹಿರಿಯರಿಗೆ ದಾನವ್ವ ಮಾಡುವ ನಮಸ್ಕಾರಗಳು.

ಮೇಲೆ ಬರೆದ ದಿನ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ಮಳೆ ತನಗೆ ತೋಚಿದಷ್ಟು ದಿನ ನಿಲ್ಲತೊಡಗಿದ ಮೇಲೆ ನಮ್ಮವರು ಪಂಚಾಂಗದೊಂದಿಗೆ ಗುದ್ದಾಡುವುದನ್ನು ಬಿಟ್ಟು ತಿಂಗಳುಗಳನ್ನೇ ಹಿಗ್ಗಿಸಿದರು. ಬಿಳಿಜೋಳ ಹಾಲುಗಟ್ಟುವವರೆಗೆ ಮಾರ್ಗಶಿರ ಮುಗಿಯುವಂತಿಲ್ಲ. ಒಂದರಲ್ಲಿ ಆಗದಿದ್ದರೆ ಎರಡನೆಯದು ಬರುತ್ತದೆ. ಅಮಾವಾಸ್ಯೆ ಮಾತ್ರ ಚಂದ್ರನ ಕೈಯಲ್ಲೇ ಇರುವುದರಿಂದ ಹಬ್ಬಗಳು ಹೇಗೋ ಉಳಿದುಕೊಂಡಿವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ಓದಿ, ಅದರಂತೆ ಬರೆಯಲು ಪ್ರಯತ್ನಪಟ್ಟಿದ್ದೇನೆ. ಎಲ್ಲಾದರೂ ಎಡವಿದರೆ ಮುದುಕಿ ಎಂದು ಕ್ಷಮಿಸಿಬಿಡಿ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದಂಚೆ ಎನ್ನುತ್ತಾರೆ. ಕೆಲಸ ಬಿಡುವ ಪ್ರತಿಯೊಬ್ಬರಿಗೂ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸುವ ಅವಕಾಶವಿದೆ. ತಾನು ಮಾಡಿದ ಕೆಲಸದ ವಿಷಯ ಬಿಟ್ಟು ಬೇರೇನೂ ಬರೆಯುವಂತಿಲ್ಲ. ಅದು ಹೇಗೆ ಹೋಗುತ್ತದೆ, ಯಾರ ಕೈ ಸೇರುತ್ತದೆ ಎಂದು ಕೇಳಿದರೆ ಅಂಚೆಯವರೇ ಹೆಗಲು ಕುಣಿಸುತ್ತಾರೆ. ಹೆಚ್ಚಿನವರು ನೀರು, ಗಾಳಿ, ಸೆಕೆ ಎಲ್ಲ ಕೆಟ್ಟದ್ದಕ್ಕೂ ಹಿರಿಯರನ್ನೇ ಬೈದು ಕಾಗದ ತುಂಬಿಸುತ್ತಾರೆ, ಅಂಚೆಯವರು ಅದನ್ನು ವಾಪಸು ಕೊಡುತ್ತಾರೆ. ನನಗೂ ಬೈಯುವ ಆಸೆ ಇತ್ತು. ಈಗ ಅದಕ್ಕೂ ತ್ರಾಣವಿಲ್ಲ. ನನ್ನ ಬಾಯಿ ದಣಿದಿದೆ. ಇದು ಬರೀ ಮಾತಿಗೆ ಹೇಳಿದ್ದಲ್ಲ, ನನ್ನ ಕೆಲಸವೇ ಬಾಯಿಯದು.

ನಿಮ್ಮಲ್ಲಿ ಹಲ್ಲಿಗೆ ತಂತಿ ಕಟ್ಟಿಸುವುದು ಬಹುಮಟ್ಟಿಗೆ ಚೆಂದಕ್ಕೆ ಎಂದು ಓದಿದ್ದೇನೆ. ಹೆಣ್ಣು ನೋಡಲು ಬರುವವರಿಗೆ ಉಬ್ಬುಹಲ್ಲು ಕಾಣಬಾರದು ಎನ್ನುವ ಆತಂಕವೂ ಇತ್ತಂತೆ. ನಮಗೆ ಆ ಪುರಸೊತ್ತಿಲ್ಲ. ಎಷ್ಟೋ ತಲೆಮಾರುಗಳಿಂದ ಬಹುಪಾಲು ಮೆತ್ತನೆಯದನ್ನೇ ತಿಂದು ನಮ್ಮ ಮಕ್ಕಳ ದವಡೆ ಎಷ್ಟು ಸಣ್ಣದಾಗಿದೆಯೆಂದರೆ, ಹಲ್ಲು ಒಂದರ ಮೇಲೊಂದು ಹತ್ತಿ ನಿಲ್ಲುತ್ತವೆ, ನಾಲಿಗೆಗೆ ಜಾಗವಿಲ್ಲದೆ ಅದು ಹಿಂದಕ್ಕೆ ಸರಿದು ನಿದ್ದೆಯಲ್ಲಿ ಉಸಿರಿಗೆ ಅಡ್ಡ ಕೂರುತ್ತದೆ. ಹಾಗಾಗಿ ಎಂಟನೆಯ ವಯಸ್ಸಿಗೆ ಎಲ್ಲ ಮಕ್ಕಳಿಗೂ ನೂಲು ಕಟ್ಟಿ ದವಡೆ ಅಗಲಿಸುತ್ತೇವೆ. ಅಕ್ಷರಾಭ್ಯಾಸದ ಹಾಗೆ ಇದೂ ಒಂದು ಶಾಸ್ತ್ರವಾಗಿದೆ. ನೂಲು ಕಟ್ಟಿದ ದಿನ ಅತ್ತೆಯಾದವಳು ಮಗುವಿಗೆ ಹೊಸ ಬಟ್ಟೆ ತರಬೇಕು.

ನೂಲು ಎಂದೆನಲ್ಲ, ಅದು ರೇಷ್ಮೆಯದು. ರಾಮನಗರದ ಗೂಡಿನಿಂದ ಬಿಚ್ಚಿದ ಎಳೆಯನ್ನು ಹದಮಾಡಿ ಹುರಿಗೊಳಿಸಿ, ಬೇಕಾದ ದವಡೆಯ ಆಕಾರದಲ್ಲಿ ಬಿಗಿದು ಬೇಯಿಸುತ್ತಾರೆ. ಆಮೇಲೆ ಅದನ್ನು ಎಷ್ಟೇ ಬಗ್ಗಿಸಿ ಹಲ್ಲಿಗೆ ಕಟ್ಟಿ, ತಾನು ಬೆಂದ ಆಕಾರಕ್ಕೇ ಮರಳುತ್ತೇನೆಂದು ಎಳೆಯುತ್ತಿರುತ್ತದೆ. ಅದಕ್ಕೇ ಹಟನೂಲು ಎಂಬ ಹೆಸರು. ನಿಮ್ಮಲ್ಲೂ ಆಕಾರ ಮರೆಯದ ಲೋಹದ ತಂತಿಗಳಿದ್ದವಂತೆ. ನಮ್ಮದು ಅವುಗಳ ಮೊಮ್ಮಗಳು ಎಂದುಕೊಳ್ಳಿ. ನೂಲನ್ನು ಹಿಡಿದುಕೊಳ್ಳಲು ಪ್ರತಿ ಹಲ್ಲಿನ ಮೇಲೂ ಒಂದೊಂದು ಪುಟ್ಟ ಗುಂಡಿ ಅಂಟಿಸಬೇಕು. ಆ ಗುಂಡಿಯನ್ನು ಮಗುವಿನ ಉದುರಿದ ಹಾಲುಹಲ್ಲನ್ನೇ ಅರೆದು, ಅಚ್ಚಿಗೆ ಹಾಕಿ ಸುಟ್ಟು ಮಾಡುತ್ತೇವೆ. ಬೇರೆ ಯಾವ ಪದಾರ್ಥವೂ ಅಷ್ಟು ಚೆನ್ನಾಗಿ ಬಾಯಿಗೆ ಒಗ್ಗುವುದಿಲ್ಲ. ನಿಮ್ಮ ಮಕ್ಕಳು ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆಯುತ್ತಿದ್ದರಂತೆ, ಓದಿ ಹೊಟ್ಟೆ ಉರಿಯಿತು. ನಮ್ಮಲ್ಲಿ ತಾಯಂದಿರು ಅದನ್ನು ಬೆಳ್ಳಿ ಡಬ್ಬಿಯಲ್ಲಿ ಕಾಪಿಡುತ್ತಾರೆ, ಕಳೆದರೆ ಮನೆಯಲ್ಲಿ ರಂಪವೇ ಆಗುತ್ತದೆ. ಗುಂಡಿಯನ್ನು ಹಲ್ಲಿಗೆ ಹಿಡಿಸುವುದು ಅರಗು. ಈ ಊರಿನ ಮರದ ಗೊಂಬೆಗಳಿಗೆ ಬಣ್ಣ ಹಿಡಿಸುತ್ತಿದ್ದ ಅದೇ ಅರಗಿನಿಂದ ಹುಟ್ಟಿ, ಹತ್ತಾರು ಕೈ ದಾಟಿ ಬಂದದ್ದು.

ಇಷ್ಟಕ್ಕೆಲ್ಲ ಮೊದಲು ಬಾಯಿ ಕೊಡುವವರು ನಾವು, ಬಾಯಿಗಾರರು. ಹೊಸ ನೂಲಾಗಲಿ, ಹೊಸ ಅರಗಾಗಲಿ, ಒಬ್ಬ ದೊಡ್ಡವರ ಬಾಯಲ್ಲಿ ಒಂದು ಸುಗ್ಗಿ ಕಳೆಯದೆ ಮಗುವಿನ ಬಾಯಿಗೆ ಹೋಗಬಾರದು ಎನ್ನುವುದು ನೂಲುಮನೆಯ ಹಳೆಯ ಪದ್ಧತಿ. ಬೆಳಿಗ್ಗೆ ಬಂದು ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂರುತ್ತೇವೆ. ಎಲ್ಲಿ ಎಳೆಯುತ್ತಿದೆ, ಎಲ್ಲಿ ಕೆನ್ನೆ ಉಜ್ಜುತ್ತಿದೆ, ಯಾವುದು ಕಿತ್ತುಬಂತು ಎಂದು ಹೇಳುತ್ತೇವೆ. ಮಧ್ಯಾಹ್ನ ಅಲ್ಲೇ ಊಟ, ಸಂಜೆ ಮತ್ತೆ ಬಾಯಿ ತೆರೆಯುವುದು. ಒಂದು ಸುಗ್ಗಿಯಲ್ಲಿ ಹಲ್ಲನ್ನು ಬಲಕ್ಕೆ ಎಳೆದರೆ ಇನ್ನೊಂದರಲ್ಲಿ ಎಡಕ್ಕೆ. ಹೀಗೆ ಎಳೆದಾಡಿದ ಹಲ್ಲಿನ ಬೇರು ಒಳಗೊಳಗೇ ಸವೆದು ಮೋಟಾಗುತ್ತದೆ. ಸೇರುವಾಗಲೇ ಅದನ್ನು ಹೇಳಿಯೇ ಸೇರಿಸಿಕೊಳ್ಳುತ್ತಾರೆ, ಮೋಸವೇನಿಲ್ಲ.

ನಾನು ಈ ಕಡೆಯವಳಲ್ಲ. ಇಂಡಿ ತಾಲೂಕಿನವಳು. ಇಲ್ಲಿಗೆ ಬಂದದ್ದು ಒಂದು ದೂರಿನ ಜೊತೆ. ಆಗ ನೂಲುಮನೆಯವರು ಹೊಸದೊಂದು ಅರಗು ಮಾಡಿ, ಬೆಂಚಿನವರ ಬಾಯಲ್ಲಿ ಇಡೀ ಸುಗ್ಗಿ ಪರೀಕ್ಷಿಸಿ, ಒಂದು ಗುಂಡಿಯೂ ಅಲುಗಲಿಲ್ಲವೆಂದು ನಮ್ಮ ಕಡೆಗೂ ಕಳಿಸಿದ್ದರು. ಎಳ್ಳಮಾವಾಸ್ಯೆಯ ದಿನ ನಮ್ಮಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಜೋಳದ ಪೈರಿನ ನಡುವೆ ಕೂತು ಉಣ್ಣುತ್ತೇವೆ. ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ. ಕಡಕ್ ರೊಟ್ಟಿ ಎಂದರೆ ವಾರಗಟ್ಟಲೆ ಒಣಗಿಸಿಟ್ಟದ್ದು, ಮುರಿದರೆ ಸದ್ದು ಪಕ್ಕದ ಹೊಲಕ್ಕೆ ಕೇಳಬೇಕು. ಆ ವರ್ಷ ಮಕ್ಕಳು ಕಡಿದದ್ದೇ ತಡ, ಗುಂಡಿಗಳು ಕಿತ್ತು ಉದುರಿದವು. ತುಂಡಾದ ನೂಲಿನ ತುದಿ ಎಷ್ಟೋ ಮಕ್ಕಳ ನಾಲಿಗೆ ಸೀಳಿತು. ನನ್ನ ತಂಗಿ ಸಂಗವ್ವ ಒಂದು ಗುಂಡಿಯನ್ನು ರೊಟ್ಟಿಯ ಜೊತೆ ನುಂಗಿ, ಅದು ಗಂಟಲಲ್ಲಿ ಸಿಕ್ಕಿ, ಸಾಯುವುದೊಂದು ಬಾಕಿ ಇತ್ತು. ಅವಳ ದನಿ ಇಂದಿಗೂ ಒಡಕಲಾಗಿದೆ.

ಊರಿನವರು ನನ್ನನ್ನು ಇಲ್ಲಿಗೆ ಕಳಿಸಿದರು. ನೂಲುಮನೆಯವರು ದೂರನ್ನು ತಳ್ಳಿಹಾಕಲಿಲ್ಲ, ಅಷ್ಟು ಹೇಳಲೇಬೇಕು. ಅರಗು ಬೆರೆಸಿದ ಹೊಂಬಾಳಮ್ಮ ಮೂರು ದಿನ ಊಟ ಬಿಟ್ಟು ಹುಡುಕಿದಳು. ಅರಗು ಸರಿ, ಗುಂಡಿ ಸರಿ, ಕಟ್ಟಿದವರ ಕೈ ಸರಿ. ಕೊನೆಗೆ ಅವಳೇ ನನ್ನನ್ನು ಊಟಕ್ಕೆ ಕೂರಿಸಿದಳು. ರಾಗಿಮುದ್ದೆ, ಬಸ್ಸಾರು. ನಾನು ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಬೆಂಚಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ಹೊಂಬಾಳಮ್ಮ, "ಅಯ್ಯೋ ಅಕ್ಕ, ಅದ್ಯಾಕಂಗೆ ಅಗೀತಿದ್ದೀಯ? ಮುದ್ದೇನ ನುಂಗ್‌ಬೇಕು ಕಣಕ್ಕ, ಅಗಿಯಾಕೋದ್ರೆ ಹಲ್ಲಿಗೆಲ್ಲ ಮೆತ್ಕತದೆ" ಎಂದಳು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು, "ನಮ್ಮ ಕಡೆ ಅಗೀಲಾರದ ಊಟಾನ ಇಲ್ಲವ್ವಾ. ಹಂಗಾರ ನೀವು ದಿನಾ ಅಗಿಯೂದರ ಏನು?" ಎಂದು ಕೇಳಿದೆ. ಹೊಂಬಾಳಮ್ಮನ ನಗು ನಿಂತಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು, ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರನ್ನೇ ನೋಡಿದಳು. ಇಡೀ ಸುಗ್ಗಿ ಹಲ್ಲಿನ ಅರಗು ಪರೀಕ್ಷಿಸಿದವರು ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ ನುಂಗಿದವರು. ಅಗಿಯದ ಬಾಯಲ್ಲಿ ಗುಂಡಿ ಯಾಕೆ ಅಲುಗುತ್ತದೆ? ಅದರಲ್ಲಿ ಯಾರ ಮೋಸವೂ ಇಲ್ಲ. ಊಟ ಎಂದರೆ ನುಂಗುವುದೇ ಎಂದುಕೊಂಡವರಿಗೆ ಬೇರೆ ಥರ ಹೊಳೆಯುವುದಾದರೂ ಹೇಗೆ?

ಅಂದಿನಿಂದ ನಾನು ಬೆಂಚಿನ ರೊಟ್ಟಿಬಾಯಿ ಆದೆ. ಊರಿನಿಂದ ರೊಟ್ಟಿಯ ಗಂಟು ಬರುತ್ತಿತ್ತು, ನಾನು ಕಡಿಯುತ್ತಿದ್ದೆ, ಹೊಂಬಾಳಮ್ಮ ಅರಗನ್ನು ಹೆಚ್ಚು ಕಡಿಮೆ ಮಾಡುತ್ತಿದ್ದಳು. ಅರಗು ತೀರ ಸಡಿಲವಾದರೆ ಗುಂಡಿ ಉದುರುತ್ತದೆ. ತೀರ ಗಟ್ಟಿಯಾದರೆ ಏಟನ್ನೆಲ್ಲ ಹಲ್ಲೇ ತಿನ್ನಬೇಕಾಗುತ್ತದೆ. ಹಲ್ಲಿಗಿಂತ ಒಂದು ಗಳಿಗೆ ಮೊದಲು ಅರಗು ಸೋಲಬೇಕು, ನಮ್ಮ ಇಡೀ ಕಸುಬು ಇಷ್ಟೇ. ಆ ಒಂದು ಗಳಿಗೆಯನ್ನು ಹಿಡಿಯಲು ನನ್ನ ಆಯಸ್ಸು ಹೋಯಿತು. ಬೇಸರವಿಲ್ಲ ಎಂದರೆ ಸುಳ್ಳಾದೀತು. ಹಬ್ಬದ ರೊಟ್ಟಿಯನ್ನು ರುಚಿಗೆಂದು ತಿಂದು ಎಷ್ಟು ಕಾಲವಾಯಿತೋ ನನಗೇ ನೆನಪಿಲ್ಲ. ಕಡಿಯುವಾಗೆಲ್ಲ ಯಾವುದು ಅಲುಗಿತು ಎಂದು ನಾಲಿಗೆ ತಡವುತ್ತಿರುತ್ತದೆ. ಆದರೂ ಆಮೇಲೆ ನಮ್ಮ ಕಡೆ ಯಾವ ಮಗುವೂ ಹಬ್ಬದ ಹೊಲದಲ್ಲಿ ರಕ್ತ ಉಗುಳಲಿಲ್ಲ.

ಈಗ ಬೆಂಚು ಮುಚ್ಚುತ್ತಿದ್ದಾರೆ. ನಮ್ಮ ಬದಲು ಲೆಕ್ಕದ ಬಾಯಿ ಬಂದಿದೆ. ಅದು ಬಾಯಿಯಲ್ಲ, ಬರೀ ಲೆಕ್ಕ. ಯಾವ ಆಹಾರ ಯಾವ ಹಲ್ಲಿನ ಮೇಲೆ ಎಷ್ಟು ಭಾರ ಹಾಕುತ್ತದೆಂದು ತನ್ನೊಳಗೇ ಅಗಿದು ನೋಡಿ, ನೂಲು ಸರಿಯೋ ತಪ್ಪೋ ಹೇಳುತ್ತದೆ. ಯಾರ ಬೇರೂ ಸವೆಯಬೇಕಾಗಿಲ್ಲ. ಒಳ್ಳೆಯದೇ. ಇನ್ನು ಮುಂದೆ ಯಾರ ಬಾಯಿಯೂ ನನ್ನದರಂತೆ ಆಗದಿರಲಿ ಎಂದು ಮೊದಲು ಕೈ ಮುಗಿದವಳು ನಾನೇ. ಆದರೆ ಅದಕ್ಕೆ ಅಗಿಯುವುದನ್ನು ಕಲಿಸಬೇಕಾದರೆ ನೂಲು ಕಟ್ಟದ ಎಳೆಯ ಬಾಯಿಗಳ ಕಡಿತದ ಅಳತೆ ಬೇಕು. ನಮ್ಮ ಕಾಲದಲ್ಲಿ ಅಂಥ ಬಾಯಿ ಇಲ್ಲ, ಎಂಟು ತುಂಬಿದ ಬಾಯಿಗೆಲ್ಲ ನೂಲು ಬಿದ್ದಿದೆ, ಅದಕ್ಕೂ ಚಿಕ್ಕವರದು ಇನ್ನೂ ಹಾಲುಹಲ್ಲು. ಅದಕ್ಕಾಗಿ ನಿಮ್ಮ ಕಾಲದ ಅಳತೆಗಳನ್ನು ಹುಡುಕಿ ತಂದರು. ಅವು ದೊಡ್ಡ ಊರುಗಳ ಕಾಲೇಜುಗಳಲ್ಲಿ ತೆಗೆದವು. ಅನ್ನ, ಇಡ್ಲಿ, ಬ್ರೆಡ್ಡು, ಬಾಳೆಹಣ್ಣು. ಲೆಕ್ಕದ ಬಾಯಿಗೆ ಗೊತ್ತಿರುವ ಅತಿ ಗಟ್ಟಿ ತಿಂಡಿ ಎಂದರೆ ಮದ್ದೂರು ವಡೆ. ನಗಬೇಡಿ, ನಾನು ನಕ್ಕು ಸಾಕಾಗಿದೆ.

ಆ ಬಾಯಿ ಈಗ ಮೌನನೂಲು ಎಂಬ ಹೊಸದೊಂದನ್ನು ಒಪ್ಪಿದೆ. ನೋವು ತಿಳಿಯದಂತೆ ಎಳೆಯುತ್ತದೆ, ಅದಕ್ಕೇ ಆ ಹೆಸರು. ಅದರ ಜೊತೆಗೆ ಬರುವ ಅರಗು ಕಲ್ಲಿನ ಹಾಗೆ ಹಿಡಿಯುತ್ತದೆ. ಹಳೆಯ ನೂಲು ಎರಡು ವರ್ಷದಲ್ಲಿ ಮಾಡುವ ಕೆಲಸವನ್ನು ಇದು ಬೇಸಿಗೆಯೊಳಗೆ ಮುಗಿಸುತ್ತದೆ. ಹಬ್ಬಕ್ಕೆ ಮೊದಲು ಇದನ್ನು ಕಟ್ಟಿಸಿಕೊಳ್ಳುವ ಇಂಡಿಯ ಮಕ್ಕಳಲ್ಲಿ ನನ್ನ ಮೊಮ್ಮಗಳು ಕಾಶಿಯೂ ಒಬ್ಬಳು. ಮಗಳು ನೀಲಗಂಗಾ ಹೋದ ವಾರ ಮಾತಾಡುವಾಗ ಅಳುತ್ತಿದ್ದಳು. "ಯವ್ವಾ, ಹುಡುಗಿ ಮಕ್ಕೊಂಡಾಗ ಉಸಿರು ನಿಂತು ನಿಂತು ಬರ್ತೈತಿ. ನಾ ಎದಿ ಮ್ಯಾಲ ಕೈ ಇಟ್ಕೊಂಡು ಕುಂದರ್ತೀನಿ. ಹಳೀ ನೂಲು ಹಾಕಸಿದ್ರ ಇನ್ನೂ ಎರಡು ವರ್ಷ ಹಿಂಗ ಕುಂದರಬೇಕೇನು? ಹೊಸಾದಕ್ಕ ನೀ ಹೂಂ ಅಂತೀಯೋ ಇಲ್ಲೋ?" ಎಂದಳು. ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಕಾಶಿ ಕೂಗಿದಳು, "ಆಯಿ, ಅದು ಹಾಕ್ಕೊಂಡ್ರ ಹಬ್ಬದಾಗ ರೊಟ್ಟಿ ತಿನ್ನಾಕ ಬರ್ತೈತೋ ಇಲ್ಲೋ?"

ತಿನ್ನಬೇಡ ಎಂದು ಹೇಳಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ನಿಮ್ಮ ವೈದ್ಯರೂ ತಂತಿ ಕಟ್ಟಿಸಿಕೊಂಡ ಮಕ್ಕಳಿಗೆ ಕಬ್ಬು, ಕಡಲೆ, ಚಿಕ್ಕಿ ಮುಟ್ಟಬೇಡ ಎಂದು ಹೇಳಿದವರೇ. ಎಷ್ಟು ಮಕ್ಕಳು ಕೇಳಿದರೆಂದು ನಿಮಗೇ ಗೊತ್ತು. ನಮ್ಮ ಮಕ್ಕಳೂ ಈಗ ವರ್ಷವಿಡೀ ಮೆತ್ತನೆಯದನ್ನೇ ತಿನ್ನುತ್ತಾರೆ, ಕಡಕ್ ರೊಟ್ಟಿ ಹಬ್ಬಕ್ಕೆ ಮಾತ್ರ. ಅಷ್ಟು ಅಪರೂಪದ್ದು ಲೆಕ್ಕಕ್ಕೆ ಬೀಳುವುದಿಲ್ಲ ಎನ್ನುತ್ತಾರೆ ಇಲ್ಲಿ. ಸರಾಸರಿ ಎಂಬುದು ಹಲ್ಲಿಗೆ ಗೊತ್ತಿಲ್ಲ. ಅದು ಕಡಿಯುವುದು ಎದುರಿಗಿರುವ ಒಂದು ರೊಟ್ಟಿಯನ್ನು.

ನಾನು ಹೊಂಬಾಳಮ್ಮನ ಹತ್ತಿರ ಹೋಗಿ, ನನ್ನ ಬಾಯಿಗೇ ಮೌನನೂಲು ಕಟ್ಟು ಎಂದೆ. ಇನ್ನೊಂದು ಸಲ ಎಳೆದರೆ ಕೆಳಗಿನ ಹಲ್ಲು ನಿಲ್ಲುವುದಿಲ್ಲವೆಂದು ವೈದ್ಯರು ಹೇಳಿದ್ದು ಅವಳಿಗೂ ಗೊತ್ತಿತ್ತು. "ಸಾಕು ಬುಡಕ್ಕ, ಇನ್ನೆಷ್ಟು ಅಂತ ಬಾಯಿ ಕೊಡ್ತೀಯ" ಎಂದು ಗೊಣಗುತ್ತಲೇ ಕಟ್ಟಿದಳು. ನಿಜಕ್ಕೂ ನೋವಾಗಲಿಲ್ಲ. ಇಷ್ಟು ಕಾಲದಲ್ಲಿ ನೋವಿಲ್ಲದೆ ನೂಲು ಹೊತ್ತದ್ದು ಅದೇ ಮೊದಲು. ಹೇಳಬಾರದು, ಸುಖವಾಗಿಯೇ ಇತ್ತು. ಆಮೇಲೆ ನೀಲಗಂಗಾ ಕಳಿಸಿದ್ದ ರೊಟ್ಟಿ ಬಿಚ್ಚಿ, ಬಲಗಡೆಗೆ ಇಟ್ಟು ಕಡಿದೆ. ಗುಂಡಿ ಅಲುಗಲಿಲ್ಲ. ಅರಗು ಬಿಡಲಿಲ್ಲ. ಎರಡೂ ಗಟ್ಟಿಯಾಗಿ ಹಿಡಿದುಕೊಂಡ ಹಲ್ಲೇ ಬೇರುಸಮೇತ ಕೈಗೆ ಬಂತು. ಆಗಲೂ ನೋವಾಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಕಾಶಿ ಹೊಲದಲ್ಲಿ ಕೂತು ಕಡಿದು, ಬೇರು ಮುರಿದರೂ ತಿಳಿಯದೆ, ಇನ್ನೊಂದು ತುಂಡಿಗೆ ಕೈ ಚಾಚುತ್ತಾಳೆ.

ಮೇಲ್ವಿಚಾರಕ ಪುಟ್ಟನಂಜಯ್ಯನವರಿಗೆ ಆ ಹಲ್ಲನ್ನು ತೋರಿಸಿದೆ. ಅವರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ನೀರು ಕೊಟ್ಟು, ಹಲ್ಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ದಾನಮ್ಮನವ್ರೇ, ಇದು ಎಳ್ದೂ ಎಳ್ದೂ ಬೇರು ಸವ್ದಿರೋ ಹಲ್ಲು. ಮದ್ದೂರು ವಡೆಗೂ ಬಿದ್ದೋಗಿರೋದು. ಮಗೀನ ಹಲ್ಲಿಗೆ ಇದ್ನ ಹೆಂಗೆ ಸಾಕ್ಷಿ ಅಂತ ತಕ್ಕಳ್ಳಿ, ನೀವೇ ಹೇಳಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ನನ್ನ ಬಾಯಿ ಸವೆದದ್ದು ಮಕ್ಕಳ ಸಲುವಾಗಿ, ಆ ಸವೆತವೇ ಈಗ ನನ್ನ ಮಾತಿಗೆ ಅಡ್ಡ ಬಂತು. ಬೇರೆ ರೊಟ್ಟಿಬಾಯಿ ಯಾರಾದರೂ ಇದ್ದರೆ ಕರೆತನ್ನಿ ಎಂದರು. ಇಲ್ಲ. ನಾನೇ ಕೊನೆಯವಳು.

ನೀಲಗಂಗಾಳಿಗೆ ಹಳೆಯ ನೂಲನ್ನೇ ಕಟ್ಟಿಸು ಎಂದು ಹೇಳಿದ್ದೇನೆ. ಅವಳು, "ನೀ ಅಂದ್ರ ಆತು" ಎಂದಳು. ಎರಡು ವರ್ಷ ಮಗುವಿನ ಎದೆಯ ಮೇಲೆ ಕೈಯಿಟ್ಟು ಕೂರಲು ಒಪ್ಪಿದ ಮಾತು ಅದು. ಈ ನಡುವೆ ಏನಾದರೂ ಆದರೆ ನನ್ನ ಮಾತಿನಿಂದಲೇ ಆದಂತೆ. ಅವಳ ಕೇರಿಯ ಉಳಿದ ತಾಯಂದಿರಿಗೆ ದಾನವ್ವ ಯಾರೋ ಗೊತ್ತಿಲ್ಲ. ಮಕ್ಕಳ ಅತ್ತೆಯರು ತಂದ ಹೊಸ ಬಟ್ಟೆ ಇಟ್ಟುಕೊಂಡು ಅವರು ಸರದಿ ಕಾಯುತ್ತಿದ್ದಾರೆ.

ಅದಕ್ಕೇ ನನ್ನ ಒಂದೇ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಇಲ್ಲದ್ದು ನಿಮ್ಮಲ್ಲಿದೆ. ಇಂಡಿಯಲ್ಲಿ, ಸಿಂದಗಿಯಲ್ಲಿ, ಜೇವರ್ಗಿಯಲ್ಲಿ ಏನೂ ಕಟ್ಟದ ಬಾಯಿಯ, ದಿನವೂ ರೊಟ್ಟಿ ಕಡಿಯುವ ಮಕ್ಕಳಿದ್ದಾರೆ. ಕಡಿತ ಅಳೆಯುವ ಉಪಕರಣಗಳೂ ಅವನ್ನು ಹಿಡಿಯಲು ಬಲ್ಲವರೂ ನಿಮ್ಮ ಕಾಲೇಜುಗಳಲ್ಲಿದ್ದಾರೆ. ಈ ಇಬ್ಬರನ್ನೂ ಒಂದು ಕಡೆ ಕೂರಿಸಿ, ಅಷ್ಟು ಸಾಕು. ಬೆಂಗಳೂರಿಗೆ ಮಕ್ಕಳನ್ನು ಕರೆಸಬೇಡಿ, ಅಲ್ಲಿ ಅವರಿಗೆ ಇಡ್ಲಿ ಕೊಟ್ಟುಬಿಡುತ್ತೀರಿ. ನೀವೇ ಹೊಲಕ್ಕೆ ಹೋಗಿ. ನೀವು ತೆಗೆದ ಅಳತೆ ಎಲ್ಲಾದರೂ ಉಳಿದರೆ ಲೆಕ್ಕದ ಬಾಯಿ ಅದನ್ನು ಹುಡುಕಿಕೊಳ್ಳುತ್ತದೆ, ಹುಡುಕುವುದರಲ್ಲಿ ಅದು ಜಾಣ. ಆಗ ಮೌನನೂಲಿಗೆ ಅದು ಬೇಡ ಎನ್ನುತ್ತದೆ, ಅಥವಾ ಅರಗನ್ನು ಇಷ್ಟು ಸಡಿಲಿಸಿ ಎನ್ನುತ್ತದೆ. ಆಗ ಎಲ್ಲರ ಮಕ್ಕಳಿಗೂ ಬೇಸಿಗೆಯೊಳಗೆ ಉಸಿರು ಸಲೀಸಾಗುತ್ತದೆ.

ಒಂದು ಯೋಚನೆ ಬಂದು ಬಂದು ಕಾಡುತ್ತದೆ. ನೀವು ನನ್ನ ಮಾತು ನಡೆಸಿಕೊಟ್ಟಿದ್ದರೆ ಅದು ಇಷ್ಟರಲ್ಲಿ ನಡೆದುಹೋಗಿರಬೇಕಿತ್ತು, ನಾನು ಈ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಬರೆಯುತ್ತಿದ್ದೇನೆ ಎಂದರೆ ನೀವು ಮಾಡಲಿಲ್ಲ ಎಂದೇ ಅರ್ಥವಿರಬೇಕು. ಹಿಂದಂಚೆಯವರನ್ನು ಕೇಳಿದೆ. ಅದೆಲ್ಲ ಹಾಗೆ ನೇರವಾಗಿ ಕೆಲಸ ಮಾಡುವುದಿಲ್ಲ, ಕಳಿಸಿ ನೋಡಿ ಎಂದರು. ಅವರಿಗೂ ಗೊತ್ತಿಲ್ಲ. ನನಗೆ ಸಾಕಾಗಿದೆ, ಆದರೂ ಕಳಿಸುತ್ತಿದ್ದೇನೆ.

ಅಳತೆ ತೆಗೆಯುವ ದಿನ ರೊಟ್ಟಿ ಚೆನ್ನಾಗಿ ಒಣಗಿದ್ದಿರಲಿ. ಮೊಸರಲ್ಲಿ ನೆನೆಸಲು ಬಿಡಬೇಡಿ. ದವಡೆಹಲ್ಲಿಗೆ ಇಟ್ಟು ಒಂದೇ ಸಲಕ್ಕೆ ಕಡಿಯಲು ಹೇಳಿ. ನೋವಾದರೆ ತಡೆದುಕೊಳ್ಳಬಾರದು ಎಂದೂ ಹೇಳಿ, ನಮ್ಮ ಕಡೆಯ ಮಕ್ಕಳು ಹಲ್ಲು ಕಚ್ಚಿ ಸುಮ್ಮನಿರುವುದು ಜಾಸ್ತಿ. ಯಾವ ಹಲ್ಲು, ಎಷ್ಟು ನೋವು ಎಂದು ಜೋರಾಗಿ ಕೂಗಲಿ. ಇಲ್ಲಿಯವರೆಗೂ ಕೇಳಿಸಬೇಕು.

ಇಂತಿ,
ದಾನವ್ವ